ಎಂದೂ ಉರಿಯದ ಒಲೆಯ ಊರು



ದೂರದರ್ಶನದಲ್ಲಿ ಕಾರ್ಯಕ್ರಮ ತಯಾರಿಸುವ ನಮ್ಮಂಥವರಿಗೆ ಒಂದು ಕಷ್ಟವಿದೆ. ಆಗಿದ್ದನ್ನು ನಾವು ತೋರಿಸಬಲ್ಲೆವು. ಆಗುತ್ತಿರುವುದನ್ನಂತೂ ಇನ್ನೂ ಚೆನ್ನಾಗಿ ತೋರಿಸಬಲ್ಲೆವು. ಆದರೆ ಆಗದೇ ಉಳಿದದ್ದನ್ನು ತೋರಿಸುವುದು ಹೇಗೆ? ಸೇತುವೆ ಕುಸಿದರೆ ಕ್ಯಾಮೆರಾ ಹೊತ್ತುಕೊಂಡು ಓಡುತ್ತೇವೆ. ಕುಸಿಯದೆ ನಿಂತಿರುವ ಸೇತುವೆಯ ಕಡೆಗೆ ಯಾರೂ ತಿರುಗಿ ನೋಡುವುದಿಲ್ಲ.

ಈ ಸಲ ನಾನು ನಿಮಗೆ ಪರಿಚಯಿಸಬೇಕೆಂದಿರುವ ಊರು ಹೆಸರಾಗಿರುವುದೇ ಅಲ್ಲಿ ಆಗದೇ ಹೋದ ಒಂದು ಸಂಗತಿಯಿಂದ. ಆ ಊರಿಗೆ ನಾನು ಹೋಗಿಲ್ಲ. ಓದಿ ತಿಳಿದದ್ದು, ಹಳೆಯ ಮತ್ತು ಹೊಸ ಚಿತ್ರಗಳಲ್ಲಿ ಕಂಡದ್ದು, ಇಷ್ಟೇ ನನ್ನ ಬಂಡವಾಳ. ಆದರೂ ಬಿ.ಎಸ್ಸಿ. ಓದುವ ದಿನಗಳಿಂದ ಆ ಹೆಸರು ನನ್ನ ತಲೆಯಲ್ಲಿ ಕುಳಿತಿದೆ. ಪರಮಾಣು ಸ್ಥಾವರದ ಚಿತ್ರ ಬರೆದು ಭಾಗಗಳನ್ನು ಗುರುತಿಸುವಾಗ, ಎಲ್ಲ ಭಾಗಗಳೂ ಇದ್ದು ಒಂದು ದಿನವೂ ನಡೆಯದ ಸ್ಥಾವರವೊಂದು ಪ್ರಪಂಚದಲ್ಲಿ ನಿಜವಾಗಿ ಇದೆಯೆಂದು ತಿಳಿದಾಗ ಆದ ಆಶ್ಚರ್ಯ ಇನ್ನೂ ಆರಿಲ್ಲ.

ಊರಿನ ಹೆಸರು ತ್ಸ್ವೆಂಟೆನ್‌ಡಾರ್ಫ್. ನಾಲಿಗೆ ಸ್ವಲ್ಪ ತೊಡರುತ್ತದೆ, ಇರಲಿ. 'ಡಾರ್ಫ್' ಎಂದರೆ ಜರ್ಮನ್ ಭಾಷೆಯಲ್ಲಿ ಹಳ್ಳಿ. ಆಸ್ಟ್ರಿಯ ದೇಶದ ರಾಜಧಾನಿ ವಿಯೆನ್ನಾದಿಂದ ಪಶ್ಚಿಮಕ್ಕೆ ಸುಮಾರು 40 ಕಿಲೋಮೀಟರ್ ದೂರದಲ್ಲಿ, ಡ್ಯಾನ್ಯೂಬ್ ನದಿಯ ಬಲದಂಡೆಯ ಮೇಲೆ ಈ ಊರಿದೆ. ಹೆಸರಿನಲ್ಲಿ ಹಳ್ಳಿಯೆಂದಿದ್ದರೂ ಸರ್ಕಾರಿ ಕಡತದಲ್ಲಿ ಇದು ಹಳ್ಳಿಯಲ್ಲ, 'ಮಾರ್ಕ್ಟ್‌ಗೆಮೈಂಡೆ'. ಸಂತೆಯ ಊರು ಎಂದು ನಾವು ಹೇಳಬಹುದು. ಹಿಂದಿನ ಕಾಲದಲ್ಲಿ ಯುರೋಪಿನ ಆ ಭಾಗದಲ್ಲಿ ಎಲ್ಲೆಂದರಲ್ಲಿ ಸಂತೆ ಕೂಡಿಸುವಂತಿರಲಿಲ್ಲ. ಅದಕ್ಕೆ ದೊರೆಯ ಅಪ್ಪಣೆ ಬೇಕಿತ್ತು. ಅಪ್ಪಣೆ ಪಡೆದ ಊರು ಹಳ್ಳಿಗಿಂತ ಒಂದು ಮೆಟ್ಟಿಲು ಮೇಲೆ, ಪಟ್ಟಣಕ್ಕಿಂತ ಒಂದು ಮೆಟ್ಟಿಲು ಕೆಳಗೆ. ಇಂದು ಅದು ರಾಜ್ಯ ಸರ್ಕಾರ ಕೊಡುವ ಒಂದು ಗೌರವದ ಹೆಸರು ಮಾತ್ರ. ಆದರೂ ಅಲ್ಲಿನವರಿಗೆ ಅದರ ಮೇಲೆ ಅಭಿಮಾನವಿದೆ.

ಸುತ್ತಲಿನ ಹಲವು ಹಳ್ಳಿಗಳನ್ನು ಸೇರಿಸಿಕೊಂಡರೂ ಈ ಊರಿನ ಜನಸಂಖ್ಯೆ ನಾಲ್ಕು ಸಾವಿರದ ಆಸುಪಾಸು. ಎರ್ಪರ್ಸ್‌ಡಾರ್ಫ್, ಡ್ಯೂರ್ನ್‌ರೋರ್, ಪಿಶೆಲ್ಸ್‌ಡಾರ್ಫ್, ಮರಿಯಾ ಪೊನ್‌ಸೇ ಇವೆಲ್ಲ ಅದರ ಮಜರೆಗಳು. ನೆಲ ಅಂಗೈಯಂತೆ ಸಮತಟ್ಟು. ಟುಲ್ನರ್‌ಫೆಲ್ಡ್ ಎಂದು ಕರೆಯುವ ಆ ಬಯಲಿನಲ್ಲಿ ಗೋಧಿ, ಮೆಕ್ಕೆಜೋಳ, ಸಕ್ಕರೆ ಬೀಟ್‌ರೂಟ್ ಬೆಳೆಯುತ್ತಾರೆ. ಅಲ್ಲಿಯ ಎಲೆಕೋಸಿಗೂ ಒಳ್ಳೆಯ ಹೆಸರು. ಅದನ್ನು ಸಣ್ಣಗೆ ಹೆಚ್ಚಿ, ಉಪ್ಪು ಬೆರೆಸಿ, ಹುಳಿ ಬರಿಸಿ ಚಳಿಗಾಲಕ್ಕೆ ಇಟ್ಟುಕೊಳ್ಳುತ್ತಾರೆ. ಪಕ್ಕದ ಟುಲ್ನ್ ಪಟ್ಟಣದಲ್ಲಿ ಸಕ್ಕರೆ ಕಾರ್ಖಾನೆಯಿದೆ. ಎಗಾನ್ ಶೀಲೆ ಎಂಬ ಹೆಸರಾಂತ ಚಿತ್ರಕಾರ 1890ರಲ್ಲಿ ಹುಟ್ಟಿದ್ದು ಆ ಪಟ್ಟಣದಲ್ಲಿಯೇ. ಬೇಸಿಗೆ ಬಂದರೆ ನದಿಯ ಏರಿಯ ಮೇಲೆ ಸೈಕಲ್ ಸವಾರರ ಸಾಲು. ಒಟ್ಟಿನಲ್ಲಿ, ಸದ್ದುಗದ್ದಲವಿಲ್ಲದ ರೈತರ ಸೀಮೆ.

ಆದರೆ ನದೀದಂಡೆಯ ಊರುಗಳಿಗೆ ನೆನಪು ಉದ್ದ. ರೋಮನ್ ಸಾಮ್ರಾಜ್ಯದ ಕಾಲದಲ್ಲಿ ಡ್ಯಾನ್ಯೂಬ್ ನದಿಯೇ ಸಾಮ್ರಾಜ್ಯದ ಉತ್ತರದ ಗಡಿ. ಗಡಿಯುದ್ದಕ್ಕೂ ಸೈನಿಕರ ಕೋಟೆಗಳಿದ್ದವು. ಅಂಥ ಒಂದು ಕೋಟೆಯ ಅವಶೇಷ ತ್ಸ್ವೆಂಟೆನ್‌ಡಾರ್ಫ್‌ನ ಹೊಲಗಳ ಅಡಿಯಲ್ಲಿ ಇದೆ. ಅದರ ಉತ್ತರ ಭಾಗವನ್ನು ನದಿ ಕೊಚ್ಚಿಕೊಂಡು ಹೋಗಿದೆ. ಅದು 'ಅಸ್ತುರಿಸ್' ಎಂಬ ಹೆಸರಿನ ಕೋಟೆಯೆಂದು ಹಲವು ವಿದ್ವಾಂಸರ ಅಭಿಪ್ರಾಯ. ಇಲ್ಲಿ ಒಂದು ಹಳೆಯ ಕಥೆಯಿದೆ. ಐದನೆಯ ಶತಮಾನದಲ್ಲಿ ಸೆವೆರಿನಸ್ ಎಂಬ ಸಂತ ಅಸ್ತುರಿಸ್ ಊರಿಗೆ ಬಂದನಂತೆ. ಶತ್ರುಗಳು ಬರಲಿದ್ದಾರೆ, ಎಚ್ಚರವಾಗಿರಿ ಎಂದು ಜನರಿಗೆ ತಿಳಿಹೇಳಿದನಂತೆ. ಜನ ನಂಬಲಿಲ್ಲ. ಸಂತ ಮುಂದಿನ ಊರಿಗೆ ನಡೆದ. ಅಸ್ತುರಿಸ್ ನಾಶವಾಯಿತು. ಆ ಸಂತನ ಚರಿತ್ರೆಯನ್ನು ಅವನ ಶಿಷ್ಯ ಯುಗಿಪ್ಪಿಯಸ್ ಬರೆದಿಟ್ಟಿದ್ದಾನೆ.

ಎಚ್ಚರಿಕೆಯ ಮಾತನ್ನು ಕೇಳಬೇಕೋ ಬೇಡವೋ ಎಂಬ ಪ್ರಶ್ನೆ ಅದೇ ದಂಡೆಗೆ ಸುಮಾರು ಹದಿನೈದು ಶತಮಾನಗಳ ಮೇಲೆ ಮತ್ತೆ ಬಂದಿತು. ನಾನು ಹೇಳಹೊರಟ ಕಥೆ ಅದೇ.

ಎರಡನೆಯ ಮಹಾಯುದ್ಧದ ನಂತರ ಆಸ್ಟ್ರಿಯ ಬೇಗ ಚೇತರಿಸಿಕೊಂಡಿತು. ಕಾರ್ಖಾನೆಗಳು ಎದ್ದವು, ಮನೆಮನೆಗೆ ವಿದ್ಯುತ್ ಉಪಕರಣಗಳು ಬಂದವು. ಬೆಟ್ಟ ಮತ್ತು ನದಿಗಳ ದೇಶವಾದ್ದರಿಂದ ಜಲವಿದ್ಯುತ್ತಿಗೆ ಕೊರತೆಯಿರಲಿಲ್ಲ. ಆದರೆ ಬೇಡಿಕೆ ವರ್ಷವರ್ಷಕ್ಕೂ ಏರುತ್ತಿತ್ತು. ಅದು ಪರಮಾಣು ಶಕ್ತಿಯ ಬಗ್ಗೆ ಎಲ್ಲ ಕಡೆಯೂ ಭರವಸೆ ತುಂಬಿದ್ದ ಕಾಲ. ಹೀಗೆ ತ್ಸ್ವೆಂಟೆನ್‌ಡಾರ್ಫ್‌ನ ದಂಡೆಯ ಮೇಲೆ ದೇಶದ ಮೊದಲ ಪರಮಾಣು ವಿದ್ಯುತ್ ಸ್ಥಾವರ ಕಟ್ಟುವುದೆಂದು ತೀರ್ಮಾನವಾಯಿತು. 1972ರ ಏಪ್ರಿಲ್‌ನಲ್ಲಿ ಕೆಲಸ ಆರಂಭವಾಯಿತು. ಅದೇ ತಿಂಗಳ 16ರಂದು ಆ ಪ್ರದೇಶದಲ್ಲಿ ಭೂಮಿ ನಡುಗಿ, ಆಗಷ್ಟೇ ಹಾಕಿದ್ದ ಬುನಾದಿಗೆ ಧಕ್ಕೆಯಾಯಿತು. ಅದನ್ನು ತೆಗೆದು ಮತ್ತೆ ಹಾಕಬೇಕಾಯಿತು. ಶಕುನ ನೋಡುವವರು ಅಂದೇ ತಲೆಯಾಡಿಸಿರಬೇಕು. ಎಂಜಿನಿಯರುಗಳು ಶಕುನ ನೋಡುವುದಿಲ್ಲ. ಅವರು ಕೆಲಸ ಮುಂದುವರಿಸಿದರು.

ಆ ಸ್ಥಾವರ ಹೇಗೆ ಕೆಲಸ ಮಾಡಬೇಕಾಗಿತ್ತು ಎಂಬುದನ್ನು ನಾಲ್ಕು ಮಾತಿನಲ್ಲಿ ಹೇಳುತ್ತೇನೆ. ಹೆದರಬೇಡಿ, ಇದು ಪರೀಕ್ಷೆಗೆ ಬರುವುದಿಲ್ಲ. ಯಾವುದೇ ಉಷ್ಣ ವಿದ್ಯುತ್ ಸ್ಥಾವರವೂ ಮೂಲದಲ್ಲಿ ಒಂದು ಒಲೆ ಮತ್ತು ಅದರ ಮೇಲಿನ ಪಾತ್ರೆ. ಒಲೆ ನೀರನ್ನು ಕುದಿಸುತ್ತದೆ, ಆವಿ ಚಕ್ರವನ್ನು ತಿರುಗಿಸುತ್ತದೆ, ಚಕ್ರ ವಿದ್ಯುತ್ತನ್ನು ಹುಟ್ಟಿಸುತ್ತದೆ. ಕಲ್ಲಿದ್ದಲ ಸ್ಥಾವರದಲ್ಲಿ ಒಲೆಗೆ ಕಲ್ಲಿದ್ದಲು. ಪರಮಾಣು ಸ್ಥಾವರದಲ್ಲಿ ಯುರೇನಿಯಂ. ಯುರೇನಿಯಂ ಪರಮಾಣುವಿನ ಬೀಜಕ್ಕೆ ನ್ಯೂಟ್ರಾನ್ ಎಂಬ ಕಣ ತಾಗಿದರೆ ಬೀಜ ಎರಡು ಹೋಳಾಗುತ್ತದೆ. ಶಾಖ ಹೊರಬರುತ್ತದೆ, ಜೊತೆಗೆ ಇನ್ನೆರಡು ಮೂರು ನ್ಯೂಟ್ರಾನುಗಳೂ ಹೊರಬರುತ್ತವೆ. ಅವು ಬೇರೆ ಬೀಜಗಳನ್ನು ಒಡೆಯುತ್ತವೆ. ಹೀಗೆ ಸರಪಳಿ ಸಾಗುತ್ತದೆ. ಸರಪಳಿ ಕೈಮೀರದಂತೆ ನ್ಯೂಟ್ರಾನುಗಳನ್ನು ಹೀರಿಕೊಳ್ಳುವ ನಿಯಂತ್ರಣ ಸರಳುಗಳಿರುತ್ತವೆ. ತ್ಸ್ವೆಂಟೆನ್‌ಡಾರ್ಫ್‌ನದು ಕುದಿನೀರಿನ ಮಾದರಿ. ಇಂಧನವಿರುವ ಉಕ್ಕಿನ ಭಾರಿ ಪಾತ್ರೆಯೊಳಗೇ ನೀರು ಕುದಿದು, ಆ ಆವಿಯೇ ನೇರವಾಗಿ ಟರ್ಬೈನಿಗೆ ಹೋಗಬೇಕು. ಇದರಲ್ಲಿ ನಿಯಂತ್ರಣ ಸರಳುಗಳು ಪಾತ್ರೆಯ ತಳದಿಂದ ಮೇಲಕ್ಕೆ ಏರುತ್ತವೆ. ಕೆಲಸ ಮುಗಿದ ಆವಿಯನ್ನು ತಣಿಸಲು ಡ್ಯಾನ್ಯೂಬ್ ನೀರು ಪಕ್ಕದಲ್ಲೇ ಇತ್ತು. ಆದ್ದರಿಂದ ನಾವು ಚಿತ್ರಗಳಲ್ಲಿ ನೋಡುವ ದೊಡ್ಡ ಡಮರುಗದಂಥ ತಣಿಸುವ ಗೋಪುರ ಅಲ್ಲಿಲ್ಲ. ಇರುವುದು 110 ಮೀಟರ್ ಎತ್ತರದ ಒಂದು ಚಿಮಣಿ ಮಾತ್ರ. ಸ್ಥಾವರದ ಸಾಮರ್ಥ್ಯ ಸುಮಾರು 700 ಮೆಗಾವಾಟ್.

ಒಲೆಯಲ್ಲಿ ಸೌದೆ ಉರಿದ ಮೇಲೆ ಬೂದಿ ಉಳಿಯುತ್ತದೆ. ಅದನ್ನು ತಿಪ್ಪೆಗೆ ಹಾಕಬಹುದು, ಪಾತ್ರೆ ತಿಕ್ಕಲೂ ಬಳಸಬಹುದು. ಯುರೇನಿಯಂ ಉರಿದ ಮೇಲಿನ ಬೂದಿ ಹಾಗಲ್ಲ. ಅದರ ಕೆಲವು ಅಂಶಗಳು ಸಾವಿರಾರು ವರ್ಷ ವಿಕಿರಣ ಸೂಸುತ್ತಲೇ ಇರುತ್ತವೆ. ಅದನ್ನು ಎಲ್ಲಿಡುವುದು? ಆಸ್ಟ್ರಿಯದ ಜನ ಕೇಳತೊಡಗಿದ ಮುಖ್ಯ ಪ್ರಶ್ನೆ ಇದೇ. ಯಾವ ಸೀಮೆಯ ಹೆಸರು ಎತ್ತಿದರೂ ಅಲ್ಲಿಯ ಜನ ಎದ್ದು ನಿಲ್ಲುತ್ತಿದ್ದರು. ವಿಜ್ಞಾನಿಗಳಲ್ಲೇ ಎರಡು ಪಂಗಡವಾಯಿತು. 1977ರ ಜೂನ್ ತಿಂಗಳಲ್ಲಿ ಸಾವಿರಾರು ಜನ ತ್ಸ್ವೆಂಟೆನ್‌ಡಾರ್ಫ್‌ಗೇ ಬಂದು ಪ್ರತಿಭಟಿಸಿದರು. 1978ರ ಆರಂಭದಲ್ಲಿ ಇಂಧನದ ಕಂತೆಗಳನ್ನು ರಸ್ತೆಯಲ್ಲಿ ತರುವ ಧೈರ್ಯ ಸಾಲದೆ ಹೆಲಿಕಾಪ್ಟರಿನಲ್ಲಿ ತಂದು ಇಳಿಸಿದರು.

ಆಗ ದೇಶದ ಚಾನ್ಸೆಲರ್, ಅಂದರೆ ಪ್ರಧಾನಿಯ ಸ್ಥಾನದಲ್ಲಿದ್ದವರು, ಬ್ರೂನೋ ಕ್ರೈಸ್ಕಿ. ಜನಪ್ರಿಯ ನಾಯಕ, ಚತುರ. ಸ್ಥಾವರ ನಡೆಯಬೇಕೆಂಬುದು ಅವರ ನಿಲುವು. ಕಾರ್ಮಿಕ ಸಂಘಗಳು ಅವರ ಜೊತೆಗಿದ್ದವು. ಅವರ ಸ್ವಂತ ಮಗ ಪೀಟರ್ ಮಾತ್ರ ವಿರೋಧಿಗಳ ಸಾಲಿನಲ್ಲಿದ್ದರು! ಮನೆಯೊಳಗೇ ಒಡಕೆಂದ ಮೇಲೆ ದೇಶದ ಸ್ಥಿತಿಯನ್ನು ನೀವೇ ಊಹಿಸಬಹುದು. ಕೊನೆಗೆ ಕ್ರೈಸ್ಕಿ ಜನರನ್ನೇ ಕೇಳೋಣ ಎಂದರು. ಯುದ್ಧಾನಂತರದ ಆಸ್ಟ್ರಿಯದಲ್ಲಿ ಅದುವರೆಗೆ ಒಮ್ಮೆಯೂ ರಾಷ್ಟ್ರವ್ಯಾಪಿ ಜನಮತಗಣನೆ ನಡೆದಿರಲಿಲ್ಲ. ಇದೇ ಮೊದಲು.

1978ರ ನವೆಂಬರ್ 5, ಭಾನುವಾರ. ಮತದಾರರಲ್ಲಿ ನೂರಕ್ಕೆ ಸುಮಾರು 64 ಮಂದಿ ಮತಗಟ್ಟೆಗೆ ಹೋದರು. ಒಟ್ಟು ಸುಮಾರು 32 ಲಕ್ಷ ಮತ. ಎಣಿಕೆ ಮುಗಿದಾಗ 'ಬೇಡ' ಎಂದವರು ಶೇಕಡ 50.47. 'ಬೇಕು' ಎಂದವರು ಶೇಕಡ 49.53. ಅಂತರ ಸುಮಾರು 30 ಸಾವಿರ ಮತಗಳು. ಒಂದು ಸಾಧಾರಣ ಪಟ್ಟಣದ ಜನಸಂಖ್ಯೆಯಷ್ಟು.

ಈ ಅಂಕಿಗಳನ್ನು ಸ್ವಲ್ಪ ಬಿಡಿಸಿ ನೋಡೋಣ. ಸ್ಥಾವರವಿರುವ ರಾಜ್ಯ ಕೆಳ ಆಸ್ಟ್ರಿಯ. ಅಲ್ಲಿ ಬೇಕು ಎಂದವರೇ ಸ್ವಲ್ಪ ಹೆಚ್ಚು. ರಾಜಧಾನಿ ವಿಯೆನ್ನಾದಲ್ಲೂ ಹಾಗೆಯೇ. ದೇಶದ ಇನ್ನೊಂದು ತುದಿಯಲ್ಲಿ, ಸ್ವಿಟ್ಜರ್ಲೆಂಡಿನ ಮಗ್ಗುಲಲ್ಲಿರುವ ಪುಟ್ಟ ರಾಜ್ಯ ಫೋರಾರ್ಲ್‌ಬೆರ್ಗ್. ಅಲ್ಲಿ ಮಾತ್ರ ನೂರಕ್ಕೆ 84 ಮಂದಿ ಬೇಡ ಎಂದರು. ದೂರದವರಿಗೇಕೆ ಇಷ್ಟು ಆತಂಕ? ಕಾರಣವಿತ್ತು. ಅವರ ಗಡಿಗೆ ತಾಗಿದಂತೆ, ಸ್ವಿಟ್ಜರ್ಲೆಂಡಿನ ರ್‍ಯೂಟಿ ಎಂಬಲ್ಲಿ ಒಂದು ಪರಮಾಣು ಸ್ಥಾವರ ಕಟ್ಟುವ ಯೋಜನೆಯಿತ್ತು. ಅದರ ವಿರುದ್ಧ ಹೋರಾಡುತ್ತ ಅಲ್ಲಿನ ಜನ ಈ ವಿಷಯವನ್ನು ವರ್ಷಗಟ್ಟಲೆ ಓದಿದ್ದರು, ಚರ್ಚಿಸಿದ್ದರು. ಪಕ್ಕದ ಮನೆಯ ಸ್ಥಾವರ ಬೇಡವೆಂದವರು ತಮ್ಮ ದೇಶದ ಸ್ಥಾವರಕ್ಕೆ ಹೂಂ ಎನ್ನುವುದು ಹೇಗೆ?

ಮತ ಹಾಕಿದವರೆಲ್ಲ ಪರಮಾಣುವನ್ನು ಮಾತ್ರ ಯೋಚಿಸಿ ಹಾಕಿದರು ಎಂದೂ ಹೇಳುವಂತಿಲ್ಲ. ಸೋತರೆ ಅಧಿಕಾರ ಬಿಡಬೇಕಾದೀತು ಎಂಬ ಸೂಚನೆಯನ್ನು ಕ್ರೈಸ್ಕಿ ಕೊಟ್ಟಿದ್ದರು. ಅವರನ್ನು ಇಳಿಸಬೇಕೆಂದಿದ್ದ ಕೆಲವರು ಆ ಆಸೆಯಿಂದಲೇ ಬೇಡ ಎಂದು ಒತ್ತಿರಬಹುದು. ಉದ್ಯಮಿಗಳು ಸ್ಥಾವರದ ಪರವಿದ್ದರೂ, ಅವರ ಬೆಂಬಲದ ವಿರೋಧ ಪಕ್ಷ ಕ್ರೈಸ್ಕಿಯವರ ಎದುರು ನಿಂತಿತ್ತು. ಜನಮತ ಎಂಬುದು ಸೋಸಿದ ನೀರಲ್ಲ. ಅದರಲ್ಲಿ ನಾನಾ ಬಗೆಯ ಮಣ್ಣು ಬೆರೆತಿರುತ್ತದೆ.

ಇನ್ನು ಮುಂದೆ ನಡೆದದ್ದನ್ನು ಗಮನವಿಟ್ಟು ಓದಬೇಕೆಂದು ನಿಮ್ಮನ್ನು ಕೋರುತ್ತೇನೆ. ಸಿದ್ಧವಾದ ಸ್ಥಾವರ, ತರಬೇತಿ ಪಡೆದ ಸಿಬ್ಬಂದಿ, ಬಂದು ಕುಳಿತ ಇಂಧನ. ಗುಂಡಿ ಒತ್ತುವುದೊಂದೇ ಬಾಕಿ. ಅಂತರವೋ ನೂರಕ್ಕೆ ಒಂದೂ ಇಲ್ಲ. ಎಣಿಕೆ ಸರಿಯಿಲ್ಲ ಎನ್ನಬಹುದಿತ್ತು. ಒಂದು ವರ್ಷ ಬಿಟ್ಟು ಮತ್ತೆ ಕೇಳೋಣ ಎನ್ನಬಹುದಿತ್ತು. ಹಾಗಾಗಲಿಲ್ಲ. ಮರುತಿಂಗಳೇ, 1978ರ ಡಿಸೆಂಬರ್‌ನಲ್ಲಿ, ಆಸ್ಟ್ರಿಯದ ಸಂಸತ್ತು ಪರಮಾಣು ವಿದ್ಯುತ್ತನ್ನು ನಿಷೇಧಿಸುವ ಕಾನೂನನ್ನು ಸರ್ವಾನುಮತದಿಂದ ಮಾಡಿತು. ಸೋತ ಪಕ್ಷವೂ ಕೈಯೆತ್ತಿತು. ಕ್ರೈಸ್ಕಿ ಅಧಿಕಾರ ಬಿಡಲಿಲ್ಲ. 1979ರ ಮೇ ತಿಂಗಳ ಚುನಾವಣೆಯಲ್ಲಿ ಅದೇ ಜನ ಅವರ ಪಕ್ಷವನ್ನು ಶೇಕಡ 51ರಷ್ಟು ಮತ ಕೊಟ್ಟು ಗೆಲ್ಲಿಸಿದರು. ನಿಮ್ಮ ಸ್ಥಾವರ ಬೇಡ, ನೀವು ಬೇಕು ಎಂದಂತಾಯಿತು.

ಆದರೂ ಆಸೆ ಪೂರ್ತಿ ಸತ್ತಿರಲಿಲ್ಲ. ಯಂತ್ರಗಳಿಗೆ ತುಕ್ಕು ಹಿಡಿಯದಂತೆ ಎಣ್ಣೆ ಹಾಕಿ, ಗಾಳಿಯ ತೇವ ತೆಗೆದು, 1985ರವರೆಗೂ ಕಾಪಾಡಿಕೊಂಡು ಬಂದರು. ಎಂದಾದರೂ ಜನ ಮನಸ್ಸು ಬದಲಿಸಿಯಾರು ಎಂಬ ನಿರೀಕ್ಷೆ. 1985ರ ಮಾರ್ಚ್ ತಿಂಗಳಲ್ಲಿ ನಿಷೇಧ ತೆಗೆಯುವ ಪ್ರಯತ್ನ ಸಂಸತ್ತಿನಲ್ಲಿ ನಡೆಯಿತು. ಬೇಕಾದ ಮೂರನೇ ಎರಡು ಬಹುಮತ ಸಿಗಲಿಲ್ಲ. ಇನ್ನು ಸಾಕು ಎಂದು ಕೈಬಿಟ್ಟರು. ಕಟ್ಟಿದ್ದು, ಕಾಯ್ದದ್ದು, ಕಳಚಿದ್ದು ಎಲ್ಲ ಸೇರಿ ತಗುಲಿದ ವೆಚ್ಚ ಸುಮಾರು 1,400 ಕೋಟಿ ಷಿಲಿಂಗ್, ಎಂದರೆ ಸುಮಾರು 100 ಕೋಟಿ ಯೂರೋ.

ಅದಾಗಿ ವರ್ಷ ಕಳೆಯುತ್ತಿದ್ದಂತೆ, 1986ರ ಏಪ್ರಿಲ್ 26ರಂದು ಚೆರ್ನೊಬಿಲ್ ಸ್ಫೋಟಿಸಿತು. ಗಾಳಿ ವಿಕಿರಣವನ್ನು ಪಶ್ಚಿಮಕ್ಕೆ ತಂದಿತು. ಆಸ್ಟ್ರಿಯದಲ್ಲಿ ಆಗಲೇ ಮಳೆ ಸುರಿದು ಅದನ್ನು ನೆಲಕ್ಕಿಳಿಸಿತು. ಮಕ್ಕಳನ್ನು ಮರಳಿನಲ್ಲಿ ಆಡಲು ಬಿಡಬೇಡಿ, ಹಸುಗಳಿಗೆ ಹಸಿ ಹುಲ್ಲು ಹಾಕಬೇಡಿ ಎಂದು ಎಚ್ಚರಿಸಬೇಕಾಯಿತು. ಆ ದಿನದಿಂದ 'ನಾವು ಅಂದು ಸರಿಯಾಗಿಯೇ ತೀರ್ಮಾನಿಸಿದೆವು' ಎಂಬ ಭಾವನೆ ಅಲ್ಲಿ ಬಲವಾಗಿ ನೆಲೆಯೂರಿತು. 1999ರಲ್ಲಿ ಪರಮಾಣುಮುಕ್ತ ಆಸ್ಟ್ರಿಯ ಎಂಬುದು ಸಂವಿಧಾನದ ಮಟ್ಟದ ಕಾನೂನೇ ಆಯಿತು.

ವಿಜ್ಞಾನ ಓದಿದ ಋಣಕ್ಕೆ ನಾನಿಲ್ಲಿ ಒಂದು ಮಾತು ಸೇರಿಸಬೇಕು. ಚೆರ್ನೊಬಿಲ್‌ನ ಸ್ಥಾವರ ಬೇರೆ ಮಾದರಿಯದು. ಗ್ರಾಫೈಟ್ ಬಳಸಿದ್ದು, ಗಟ್ಟಿಯಾದ ಹೊರಕವಚವಿಲ್ಲದ್ದು. ಅಲ್ಲಿ ಸ್ಫೋಟವಾಯಿತು ಎಂದಮಾತ್ರಕ್ಕೆ ಡ್ಯಾನ್ಯೂಬ್ ದಂಡೆಯ ಸ್ಥಾವರವೂ ಸ್ಫೋಟಿಸುತ್ತಿತ್ತು ಎಂದು ಸಾಧಿಸಿದಂತಾಗುವುದಿಲ್ಲ. ತ್ಸ್ವೆಂಟೆನ್‌ಡಾರ್ಫ್‌ನ ಒಡಹುಟ್ಟಿದವೆನ್ನಬಹುದಾದ ನಾಲ್ಕು ಸ್ಥಾವರಗಳು ಜರ್ಮನಿಯಲ್ಲಿದ್ದವು. ಅವು ಹಲವು ವರ್ಷ ವಿದ್ಯುತ್ ಕೊಟ್ಟವು. 2011ರಲ್ಲಿ ಜಪಾನಿನ ಫುಕುಶಿಮಾ ದುರಂತದ ನಂತರ ಜರ್ಮನಿ ಅವುಗಳ ಬಾಗಿಲು ಶಾಶ್ವತವಾಗಿ ಮುಚ್ಚಿತು. ಹಾಗಾದರೆ ಆಸ್ಟ್ರಿಯದ ಜನ ಗೆದ್ದರೋ, ಸೋತರೋ? ಆಗದೇ ಹೋದದ್ದರ ಫಲವನ್ನು ತೂಗುವ ತಕ್ಕಡಿ ವಿಜ್ಞಾನದಲ್ಲೂ ಇಲ್ಲ.

ಆದರೆ ಬೇರೊಂದನ್ನು ತೂಗಬಹುದು. ಬೇಡ ಎಂದದ್ದಕ್ಕೆ ಕೊಟ್ಟ ಬೆಲೆ.

ದೀಪವನ್ನಂತೂ ಯಾರೂ ಬೇಡವೆಂದಿರಲಿಲ್ಲ. ವಿದ್ಯುತ್ತು ಬೇಕೇ ಬೇಕಿತ್ತು. ಅದು ಎಲ್ಲಿಂದ ಬಂದಿತು ಗೊತ್ತೇ? ಅದೇ ತ್ಸ್ವೆಂಟೆನ್‌ಡಾರ್ಫ್‌ನಿಂದ! ಊರಿನ ಮಜರೆಯಾದ ಡ್ಯೂರ್ನ್‌ರೋರ್‌ನಲ್ಲಿ ಕಲ್ಲಿದ್ದಲಿನ ಸ್ಥಾವರವನ್ನು ಕಟ್ಟಿದರು. ಎರಡು ಘಟಕ, ಒಟ್ಟು 750 ಮೆಗಾವಾಟಿಗೂ ಮೇಲೆ. 1980ರ ದಶಕದ ಉತ್ತರಾರ್ಧದಲ್ಲಿ ಅದು ಉರಿಯತೊಡಗಿತು. ಕಲ್ಲಿದ್ದಲಿನಿಂದ ಒಂದು ಯೂನಿಟ್ ವಿದ್ಯುತ್ ತೆಗೆದರೆ ಒಂದು ಕಿಲೋಗ್ರಾಮಿಗೆ ಹತ್ತಿರ ಇಂಗಾಲದ ಡೈಆಕ್ಸೈಡ್ ಗಾಳಿಗೆ ಸೇರುತ್ತದೆ. ಪರಮಾಣುವಿನ ಬೂದಿ ಬೇಡವೆಂದವರ ಊರಿನ ಮೇಲೆ ಕಲ್ಲಿದ್ದಲಿನ ಹೊಗೆ ಮೂರು ದಶಕ ಹಾದುಹೋಯಿತು. ಕೊನೆಗೆ 2019ರ ಆಗಸ್ಟ್‌ನಲ್ಲಿ ಅಲ್ಲಿ ಕಲ್ಲಿದ್ದಲು ಉರಿಸುವುದನ್ನು ನಿಲ್ಲಿಸಿದರು. ಮರುವರ್ಷ, 2020ರಲ್ಲಿ, ಇಡೀ ಆಸ್ಟ್ರಿಯದ ಕೊನೆಯ ಕಲ್ಲಿದ್ದಲ ಸ್ಥಾವರವೂ ಮುಚ್ಚಿತು.

ಜಲವಿದ್ಯುತ್ತೇ ಸಾಕಾಗುತ್ತಿರಲಿಲ್ಲವೇ ಎಂದು ನೀವು ಕೇಳಬಹುದು. ತ್ಸ್ವೆಂಟೆನ್‌ಡಾರ್ಫ್‌ನ ನೆರೆಯಲ್ಲೇ ಆಲ್ಟೆನ್‌ವೋರ್ತ್ ಎಂಬ ಜಲವಿದ್ಯುತ್ ಸ್ಥಾವರವಿದೆ. 1976ರಲ್ಲಿ ಮುಗಿದದ್ದು, 328 ಮೆಗಾವಾಟ್. ಆಸ್ಟ್ರಿಯದ ಡ್ಯಾನ್ಯೂಬ್ ಸ್ಥಾವರಗಳಲ್ಲಿ ಅದೇ ದೊಡ್ಡದು. ಅಂಥದ್ದನ್ನೇ ಇನ್ನೊಂದನ್ನು ವಿಯೆನ್ನಾದ ಕೆಳಗೆ, ಹೈನ್‌ಬುರ್ಗ್ ಎಂಬಲ್ಲಿ ಕಟ್ಟಲು ಹೊರಟರು. 1984ರ ಡಿಸೆಂಬರ್ ಚಳಿಯಲ್ಲಿ ಸಾವಿರಾರು ಜನ ಅಲ್ಲಿನ ನದೀತೀರದ ಕಾಡಿನಲ್ಲಿ ಕುಳಿತು ಅದನ್ನೂ ತಡೆದರು. ಆ ಕಾಡು 1996ರಲ್ಲಿ ರಾಷ್ಟ್ರೀಯ ಉದ್ಯಾನವಾಯಿತು. ಪರಮಾಣು ಬೇಡ, ಕಾಡು ಮುಳುಗಿಸುವ ಅಣೆಕಟ್ಟು ಬೇಡ, ಕಲ್ಲಿದ್ದಲೂ ಬೇಡ. ಇಂದಿಗೂ ಆಸ್ಟ್ರಿಯದ ಅರ್ಧಕ್ಕಿಂತ ಹೆಚ್ಚು ವಿದ್ಯುತ್ತು ನೀರಿನಿಂದಲೇ ಬರುತ್ತದೆ. ಚಳಿಗಾಲದಲ್ಲಿ ನದಿಗಳು ಬಡವಾದಾಗ ಗಡಿಯಾಚೆಯಿಂದ ತರಿಸಿಕೊಳ್ಳಬೇಕಾಗುತ್ತದೆ. ಗಡಿಯಾಚೆ ಚೆಕ್ ದೇಶದಲ್ಲಿ ದುಕೊವನಿ, ತೆಮೆಲಿನ್ ಎಂಬ ಪರಮಾಣು ಸ್ಥಾವರಗಳಿವೆ. ತಂತಿಯಲ್ಲಿ ಬರುವ ವಿದ್ಯುತ್ತಿಗೆ ಜಾತಿ ಕೇಳುವುದು ಕಷ್ಟ.

ಇದನ್ನು ನಾನು ಆ ಜನರನ್ನು ಹಂಗಿಸಲು ಹೇಳುತ್ತಿಲ್ಲ. ಬೇಕು ಎನ್ನುವುದಕ್ಕೆ ಬೆಲೆಯಿರುವಂತೆ ಬೇಡ ಎನ್ನುವುದಕ್ಕೂ ಬೆಲೆಯಿದೆ. ಅವರು ಆ ಬೆಲೆಯನ್ನು ಕೊಡುತ್ತಲೇ ಬಂದಿದ್ದಾರೆ. ಮೊದಲು ಹಣದಲ್ಲಿ, ಆಮೇಲೆ ಹೊಗೆಯಲ್ಲಿ, ಈಗ ಹೊಸ ದಾರಿಗಳ ಹುಡುಕಾಟದಲ್ಲಿ. ಆ ಹುಡುಕಾಟವೂ ಈ ಪುಟ್ಟ ಊರಿನಲ್ಲೇ ಕಾಣುತ್ತದೆ. ಪಿಶೆಲ್ಸ್‌ಡಾರ್ಫ್ ಮಜರೆಯಲ್ಲಿ 2008ರಿಂದ ಗೋಧಿ, ಮೆಕ್ಕೆಜೋಳಗಳಿಂದ ವಾಹನಗಳಿಗೆ ಬೆರೆಸುವ ಇಂಧನ ತೆಗೆಯುವ ಕಾರ್ಖಾನೆ ನಡೆಯುತ್ತಿದೆ. ಡ್ಯೂರ್ನ್‌ರೋರ್‌ನಲ್ಲಿ ಊರುಗಳ ಕಸವನ್ನು ಉರಿಸಿ ಶಾಖ ತೆಗೆಯುತ್ತಾರೆ. ನೀರು, ಯುರೇನಿಯಂ, ಕಲ್ಲಿದ್ದಲು, ಕಸ, ಧಾನ್ಯ, ಬಿಸಿಲು. ನಮ್ಮ ಪಠ್ಯಪುಸ್ತಕದ 'ಶಕ್ತಿಯ ಮೂಲಗಳು' ಎಂಬ ಪಾಠ ಪೂರ್ತಿಯಾಗಿ ಒಂದೇ ಊರಿನ ಸುತ್ತ ಹರಡಿಕೊಂಡಿದೆ. ಸೈಕಲ್ಲಿನಲ್ಲಿ ಒಂದು ಸುತ್ತು ಹೊಡೆದರೆ ಎಲ್ಲವನ್ನೂ ನೋಡಿ ಬರಬಹುದು.

ಬಿಸಿಲು ಎಂದೆನಲ್ಲ, ಅದು ಎಲ್ಲಿದೆಯೆಂದರೆ ಆ ಪರಮಾಣು ಸ್ಥಾವರದ ಅಂಗಳದಲ್ಲಿಯೇ. ಇ.ವಿ.ಎನ್. ಎಂಬ ವಿದ್ಯುತ್ ಸಂಸ್ಥೆ 2005ರಲ್ಲಿ ಸ್ಥಾವರವನ್ನು ಕೊಂಡುಕೊಂಡಿತು. 2009ರಲ್ಲಿ ಕಟ್ಟಡದ ಮೇಲೂ ಸುತ್ತಲೂ ಸೌರಫಲಕಗಳನ್ನು ಹಾಕಿಸಿತು. ಅವುಗಳ ಸಾಮರ್ಥ್ಯ ಕೆಲವು ನೂರು ಕಿಲೋವಾಟ್. ಏಳು ಲಕ್ಷ ಕಿಲೋವಾಟಿನ ಸ್ಥಾವರದ ಮುಂದೆ ಅದು ಆನೆಯ ಮುಂದಿನ ಇರುವೆ. ಆದರೂ ಮೂವತ್ತು ವರ್ಷ ಕಾದ ಮೇಲೆ ಆ ಅಂಗಳದಿಂದ ವಿದ್ಯುತ್ತು ಹರಿದದ್ದು ಅದೇ ಮೊದಲು.

ಸ್ಥಾವರದ ಒಳಗೆ ಹೋಗಿ ನೋಡಲು ಜನರಿಗೆ ಅವಕಾಶವಿದೆ. ನಾನು ನೋಡಿದ ಚಿತ್ರಗಳಲ್ಲಿ ನಿಯಂತ್ರಣ ಕೊಠಡಿ 1978ರಲ್ಲಿ ಹೇಗಿತ್ತೋ ಹಾಗೆಯೇ ಇದೆ. ಸಾಲುಸಾಲು ಗುಂಡಿಗಳು, ಮುಳ್ಳಿನ ಮಾಪಕಗಳು, ತಿರುಗಿಸುವ ಡಯಲಿನ ಟೆಲಿಫೋನುಗಳು. ಉರಿದ ಸ್ಥಾವರದಲ್ಲಿ ವಿಕಿರಣದ ಕಾರಣ ಸಾಮಾನ್ಯರು ಕಾಲಿಡುವಂತಿಲ್ಲದ ಜಾಗಗಳಿಗೆ ಇಲ್ಲಿ ಯಾರು ಬೇಕಾದರೂ ಹೋಗಬಹುದು. ಮೇಲಿನಿಂದ ತೆರೆದ ಪಾತ್ರೆಯೊಳಗೆ ಇಣುಕಬಹುದು. ಪಾತ್ರೆಯ ಕೆಳಗೆ, ನಿಯಂತ್ರಣ ಸರಳುಗಳ ಕೊಳವೆಗಳು ಜೋತುಬಿದ್ದಿರುವ ಕಡೆ ನಿಲ್ಲಬಹುದು.

ಇದರಿಂದಾಗಿ ಒಂದು ವಿಚಿತ್ರ ಉಪಯೋಗ ಒದಗಿತು. ಬೇರೆ ಸ್ಥಾವರಗಳಲ್ಲಿ ದುರಸ್ತಿ ಮಾಡುವವರು, ಹಳೆಯ ಸ್ಥಾವರಗಳನ್ನು ಕಳಚುವವರು ಇಲ್ಲಿಗೆ ಬಂದು ಕೆಲಸ ಕಲಿತರು. ಅಪಾಯದ ಜಾಗದಲ್ಲಿ ನಿಮಿಷ ಎಣಿಸಿ ಮಾಡಬೇಕಾದ ಕೆಲಸವನ್ನು ಅಪಾಯವಿಲ್ಲದ ಜಾಗದಲ್ಲಿ ಗಂಟೆಗಟ್ಟಲೆ ಅಭ್ಯಾಸ ಮಾಡಬಹುದಲ್ಲ! ಜರ್ಮನಿಯ ಒಡಹುಟ್ಟಿದ ಸ್ಥಾವರಗಳಿಗೆ ಇಲ್ಲಿಂದ ಬಿಡಿಭಾಗಗಳೂ ಹೋದವು. ಒಂದು ದಿನವೂ ಉರಿಯದ ಒಲೆ ಉರಿಯುವ ಒಲೆಗಳಿಗೆ ಪಾಠಶಾಲೆಯಾಯಿತು. ಸಿನಿಮಾದವರೂ ಬಂದರು. ನಮ್ಮ ಕಸುಬಿನವರಲ್ಲವೇ, ಅಂಥ ಸೆಟ್ಟನ್ನು ಬಿಟ್ಟಾರೆಯೇ?

ಈ ಲೇಖನದ ಮೊದಲಲ್ಲಿ ಒಂದು ಪ್ರಶ್ನೆ ಕೇಳಿದ್ದೆ. ಆಗದೇ ಉಳಿದದ್ದನ್ನು ತೋರಿಸುವುದು ಹೇಗೆ? ನನಗೆ ಅವಕಾಶ ಸಿಕ್ಕರೆ ಆ ಪಾತ್ರೆಯ ಕೆಳಗಿನಿಂದ ಚಿತ್ರೀಕರಣ ಶುರುಮಾಡುತ್ತೇನೆ. ಹಿನ್ನೆಲೆ ಸಂಗೀತ ಬೇಡ. ಆ ಮೌನವೇ ಸಾಕು. ಆಮೇಲೆ ಕ್ಯಾಮೆರಾ ಹೊರಗೆ ಬರಲಿ. 110 ಮೀಟರ್ ಎತ್ತರದ ಚಿಮಣಿ, ಅದರಾಚೆ ಎಲೆಕೋಸಿನ ಹೊಲ, ಹೊಲದ ಅಂಚಿನಲ್ಲಿ ನದಿ. ದೂರದಲ್ಲಿ ಡ್ಯೂರ್ನ್‌ರೋರ್‌ನ ಚಿಮಣಿ. ಮಣ್ಣಿನ ಕೆಳಗೆ, ಎಚ್ಚರಿಕೆಯನ್ನು ಕೇಳದ ರೋಮನ್ನರ ಕೋಟೆ.

ಆ ಎಚ್ಚರಿಕೆಯನ್ನು ಕೇಳಿದವರು ಸರಿಯೋ, ಕೇಳದವರು ಸರಿಯೋ, ಪ್ರತಿ ಸಲವೂ ಮೊದಲೇ ತಿಳಿಯುವುದಿಲ್ಲ. ತಿಳಿಯದಿರುವಾಗಲೂ ತೀರ್ಮಾನ ಮಾಡಲೇಬೇಕಾಗುತ್ತದೆ. ಸಾವಿರ ಎಂಜಿನಿಯರುಗಳ ವರ್ಷಗಳ ದುಡಿಮೆ ಒಂದು ಕಡೆ, 30 ಸಾವಿರ ಮತಗಳ ಅಂತರ ಇನ್ನೊಂದು ಕಡೆ ಇದ್ದಾಗ, ಆ ದೇಶ ಮತಕ್ಕೆ ತಲೆಬಾಗಿತು. ಅದರಿಂದ ಬಂದ ನಷ್ಟವನ್ನೂ ತನ್ನದೆಂದೇ ಒಪ್ಪಿಕೊಂಡಿತು. ಸೋತವರು ಗೆದ್ದವರೊಡನೆ ಕೂಡಿಯೇ ಕಾನೂನು ಬರೆದರು. ನನಗೆ ಆ ಊರಿನ ಕಥೆಯಲ್ಲಿ ಪರಮಾಣುವಿಗಿಂತ ದೊಡ್ಡದಾಗಿ ಕಂಡದ್ದು ಇದು.

ಸ್ಥಾವರವನ್ನು ಇನ್ನೂ ಕೆಡವಿಲ್ಲ. ತ್ಸ್ವೆಂಟೆನ್‌ಡಾರ್ಫ್‌ನ ಮಕ್ಕಳು ಅದನ್ನು ನೋಡುತ್ತಲೇ ಬೆಳೆಯುತ್ತಾರೆ. ಅದೇನು ಎಂದು ಮಗು ಕೇಳಿದರೆ ಅಲ್ಲಿನ ಅಜ್ಜ ಅಜ್ಜಿಯರು ಏನು ಹೇಳುತ್ತಾರೋ ನನಗೆ ಕುತೂಹಲ. ಅಂದು ಬೇಕು ಎಂದ ಅಜ್ಜನೂ, ಬೇಡ ಎಂದ ಅಜ್ಜಿಯೂ ಒಂದೇ ಮನೆಯಲ್ಲಿ ಇದ್ದಾರು.